ಬರಿಕೊಳದ ಅಕ್ಕ, ಮೀನುಕೊಳದ ತಂಗಿ

ಪಾದರಸ ಎಂಬ ಹೆಸರನ್ನು ಅವಳಿಗೆ ಇಟ್ಟವರು ಶಾಲೆಯ ಮೇಷ್ಟರು. ಬೆಂಚಿನ ಮೇಲೆ ನಿಂತ ಕಾಲಲ್ಲಿ ನಿಲ್ಲದ, ಕೂತ ಜಾಗದಲ್ಲಿ ಕೂರದ ಹುಡುಗಿಗೆ ಸಿಟ್ಟಿನಲ್ಲಿ ಇಟ್ಟ ಹೆಸರು. ಕೂದಲು ನರೆತರೂ ಬಿಟ್ಟುಹೋಗಲಿಲ್ಲ. ಈಗಲೂ ಅವಳು ನಡೆದರೆ ಓಡಿದಂತೆ, ಮಾತಾಡಿದರೆ ಜಗಳವಾಡಿದಂತೆ. ಪಾತ್ರೆ ತೊಳೆಯಲು ಕೂತರೆ ಮೇಲಿನ ಮನೆಯವರು ಏನೋ ಬಿತ್ತೆಂದು ಇಣುಕಿ ನೋಡುತ್ತಾರೆ. ಕೆಟ್ಟವಳಲ್ಲ. ಯಾರಿಗಾದರೂ ಕಷ್ಟ ಬಂತೆಂದರೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಡುವವಳು. ಇದ್ದ ಕಾಯಿಲೆ ಒಂದೇ, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿರಲಿಲ್ಲ: ಒಡಹುಟ್ಟಿದ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು.

ತಂಗಿಗೆ ಮನೆಯವರು ಇಟ್ಟ ಹೆಸರು ಗೊಂಬೆ. ಇಟ್ಟಲ್ಲಿ ಇರುವವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು, ಅದೂ ಅರ್ಧ. ಇಬ್ಬರದೂ ಒಂದೇ ಮೆಟ್ಟಿಲ ಎದುರುಬದುರು ಬಾಗಿಲು. ಈ ಕಡೆ ಪಾದರಸ ಮತ್ತು ಅವಳ ಗಂಡ. ಆ ಕಡೆ ಒಂದೇ ಕೋಣೆಯಲ್ಲಿ ಗೊಂಬೆ ಒಬ್ಬಳೇ. ಪಾದರಸಳ ಗಂಡ ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಮನೆಗೆ ಬಂದವನಿಗೆ ಇಲ್ಲಿಯೂ ಸದ್ದೇ. "ಎದುರು ಮನೆ ನೋಡು, ಒಳಗೆ ಜನ ಇದ್ದಾರೋ ಇಲ್ವೋ ಗೊತ್ತಾಗಲ್ಲ. ಸ್ವಲ್ಪ ನೋಡಿ ಕಲಿ" ಎಂದು ಒಮ್ಮೆ ಅಂದುಬಿಟ್ಟ. ಆ ವಾರವೆಲ್ಲ ಅವನ ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲೇ ಇಲ್ಲ.

ಹೊಟ್ಟೆಕಿಚ್ಚಿಗೆ ಬೇರು ಹಳೆಯದು. ಅಪ್ಪ ಮರಗೆಲಸದವನು. ಕೈಕೆಲಸ ಚಿನ್ನ, ಕೋಪ ಕೆಂಡ. ಸಂಜೆ ಮನೆಗೆ ಬಂದಾಗ ಅವನ ಕಣ್ಣಿಗೆ ಮೊದಲು ಬೀಳುವುದು ಅಲುಗಾಡುವ ವಸ್ತು. ಬೆಕ್ಕು ಹಾದರೆ ಬೆಕ್ಕಿಗೆ, ಮಗಳು ಹಾದರೆ ಮಗಳಿಗೆ ಏಟು. ಪಾದರಸ ಹಾಯದೆ ಇರುವವಳೇ? ಎಡಹುಬ್ಬಿನ ಮೇಲೆ ಅಳತೆಪಟ್ಟಿ ಬಿದ್ದ ಗುರುತು ಇನ್ನೂ ಇದೆ, ಅಲ್ಲಿ ಕೂದಲು ಬರುವುದಿಲ್ಲ. ಗೊಂಬೆ ಮಾತ್ರ ಅಪ್ಪನ ಹೆಜ್ಜೆ ಕೇಳಿದ ಕೂಡಲೇ ಗೋಡೆಗೆ ಬೆನ್ನು ಹಚ್ಚಿ, ಉಸಿರು ಹಿಡಿದು ಕೂತುಬಿಡುವಳು. ಅಪ್ಪ ಅವಳ ಮುಂದೆಯೇ ಹಾದುಹೋಗುವನು, ಕಾಣುವಳೇ ಅಲ್ಲ. ಒಂದೇ ಒಂದು ಏಟು ತಿನ್ನದೆ ಬೆಳೆದಳು ಆ ಹುಡುಗಿ. "ಗೊಂಬೆ ನೋಡು, ಎಷ್ಟು ಸಾಧು" ಎನ್ನುವರು ಬಂದವರೆಲ್ಲ. ಹುಬ್ಬಿನಿಂದ ರಕ್ತ ಒರೆಸಿಕೊಳ್ಳುತ್ತಾ ಆ ಮಾತು ಕೇಳಿದವಳ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಪಾದರಸಳಿಗೆ ಇದ್ದ ಹೆಮ್ಮೆ ಹಿಂದಿನ ಕಿಟಕಿಯದು. ಹಿತ್ತಲಿನ ಕಡೆ ಸರಳಿಲ್ಲದ ಒಂದು ಕಿಟಕಿ. ಅದರ ಬಾಗಿಲ ಬಿಜಾಗರಿ ಸಡಿಲ. ಬಿಟ್ಟರೆ ಸಾಕು, ಬೀದಿಗೆಲ್ಲ ಕೇಳುವಂತೆ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಆದರೆ ಅವಳು ಹಾರಿದಾಗ ಒಮ್ಮೆಯೂ ಬಡಿದುಕೊಂಡಿಲ್ಲ. ಅಪ್ಪ ಬಂದರೆ ಒಂದೊಂದು ಸಲ, ಅಮ್ಮ ಮನೆಗೆಲಸಕ್ಕೆ ಕರೆದರೆ ಪ್ರತಿಸಲ, ಪುಸ್ತಕದ ಚೀಲ ಎತ್ತಿಕೊಂಡು ಆ ಕಿಟಕಿಯಿಂದ ಹಾರಿ ಗೆಳತಿಯ ಮನೆ ಸೇರುವಳು. "ನಾನು ಹಾರಿದ್ರೆ ಕಿಟಕಿಗೇ ಗೊತ್ತಾಗ್ತಿರ್ಲಿಲ್ಲ. ಬೆಕ್ಕಿನಷ್ಟು ಹಗುರ ಇದ್ದೆ" ಎಂದು ಈಗಲೂ ಹೇಳಿಕೊಳ್ಳುತ್ತಾಳೆ. ಈಗಿನ ಅವಳ ಗಾತ್ರ ನೋಡಿದವರು ನಗುವುದನ್ನು ತಡೆದುಕೊಂಡು ಹೌದೆನ್ನುತ್ತಾರೆ.

ಊರಿನ ಅಂಚಿನಲ್ಲಿ, ಬಸ್ಸು ತಿರುಗಿಕೊಂಡು ವಾಪಸಾಗುವ ಜಾಗದಾಚೆ, ಕೊಳಗಳ ಅಧ್ಯಯನ ಕೇಂದ್ರವಿದೆ. ಹೆಸರು ದೊಡ್ಡದು. ಇರುವುದು ಉದ್ದನೆಯ ಒಂದು ಕಟ್ಟಡ, ಒಳಗೆ ಬಿಳಿ ಟ್ರೇಗಳ ಸಾಲು, ಹಿಂದೆ ಎರಡು ಕೊಳ, ನಡುವೆ ಒಬ್ಬರೇ ನಡೆಯುವಷ್ಟು ಅಗಲದ ಏರಿ. ಒಂದು ಕೊಳದಲ್ಲಿ ಮೀನುಗಳಿವೆ, ಇನ್ನೊಂದರಲ್ಲಿ ಇಲ್ಲ. ಕೆಲಸದವರ ಬಾಯಲ್ಲಿ ಅವು ಮೀನುಕೊಳ, ಬರಿಕೊಳ. ಪಾದರಸ ಅಲ್ಲಿಗೆ ಸೇರಿದ ಮೊದಲ ದಿನವೇ, ಕೇಂದ್ರ ನಡೆಸುವ ಮೇಡಂ ಅವಳನ್ನು ಏರಿಯ ಮೇಲೆ ನಿಲ್ಲಿಸಿ ಕಟ್ಟಪ್ಪಣೆ ಮಾಡಿದ್ದರು: ಮೀನುಕೊಳಕ್ಕೆ ಕೆಂಪು ಹಿಡಿಯ ಬಲೆ, ಕೆಂಪು ಪಟ್ಟಿಯ ಬೂಟು, ಬರಿಕೊಳಕ್ಕೆ ನೀಲಿ. ಆ ನೀರಿನ ಹನಿ ಈ ನೀರಿಗೆ ಬೀಳಕೂಡದು.

ಎರಡೂ ಕೊಳಗಳಲ್ಲಿ ಸೂಜಿಚಿಟ್ಟೆಯ ಮರಿಗಳು. ಏರೋಪ್ಲೇನ್ ಚಿಟ್ಟೆ ಎಲ್ಲರಿಗೂ ಗೊತ್ತು. ಸೂಜಿಚಿಟ್ಟೆ ಅದರ ಸಣಕಲು ಸಂಬಂಧಿ. ರೆಕ್ಕೆ ಬರುವ ಮುಂಚೆ ಇವೆಲ್ಲ ನೀರೊಳಗಿನ ಹುಳುಗಳು. ಕಡ್ಡಿಯಂತಹ ಮೈ, ಬಾಲದ ತುದಿಗೆ ಎಲೆಯಂತಹ ಮೂರು ಗರಿ. ನೋಡಲು ಎರಡು ಕೊಳದವೂ ಒಂದೇ ತರಹ. ಆದರೆ ಟ್ರೇಯಲ್ಲಿ ಹಾಕಿ ಪೊರಕೆಕಡ್ಡಿಯಿಂದ ಬಾಲ ಮುಟ್ಟಿದರೆ ಬಣ್ಣ ಬಯಲಾಗುತ್ತದೆ. ಬರಿಕೊಳದ್ದು ಸೊಂಟ ಬಳುಕಿಸುತ್ತಾ ಟ್ರೇಯ ಆ ಅಂಚಿಗೆ ಓಡುತ್ತದೆ. ಮೀನುಕೊಳದ್ದು ಸತ್ತಂತೆ ಇದ್ದಲ್ಲೇ ಇರುತ್ತದೆ.

"ಮೀನಿನ ಮುಂದೆ ಯಾವ ಹುಳು ಓಡಿ ಗೆದ್ದೀತು ಹೇಳಿ?" ಎಂದಿದ್ದರು ಮೇಡಂ. "ಓಡಿದ್ದು ಮೀನಿನ ಕಣ್ಣಿಗೆ ಬೀಳುತ್ತೆ, ಹೊಟ್ಟೆಗೆ ಹೋಗುತ್ತೆ. ಅಲುಗಾಡದ್ದು ಉಳಿಯುತ್ತೆ, ಅದರ ಮಕ್ಕಳೂ ಹಾಗೇ ಹುಟ್ಟುತ್ತವೆ. ಎಷ್ಟೋ ತಲೆಮಾರು ಹೀಗೇ ಸೋಸಿ ಸೋಸಿ ಮೀನುಕೊಳದಲ್ಲಿ ಕೂತಿರೋ ಹುಳುಗಳೇ ತುಂಬಿವೆ."

"ಬರಿಕೊಳದಲ್ಲಿ ತಿನ್ನೋರೇ ಇಲ್ವಾ?"

"ಯಾಕಿಲ್ಲ? ಅಲ್ಲಿ ದೊಡ್ಡ ಏರೋಪ್ಲೇನ್ ಚಿಟ್ಟೆಯ ಮರಿ ಇದೆ. ಅದು ಮೀನಿನ ಹಾಗೆ ಅಟ್ಟಿಸಿಕೊಂಡು ಬರಲ್ಲ. ಸದ್ದಿಲ್ಲದೆ ಮೆಲ್ಲಗೆ ತೆವಳಿಕೊಂಡು ಬಂದು, ಮಡಚಿಟ್ಟ ದವಡೆ ಚಾಚಿ ಗಪ್ಪನೆ ಹಿಡಿಯುತ್ತೆ. ಅದರ ಮುಂದೆ ಸುಮ್ಮನೆ ಕೂತರೆ ಕಥೆ ಮುಗೀತು. ಓಡಿದ್ದು ಬದುಕುತ್ತೆ."

ಪಾದರಸ ಮೊದಲರ್ಧವನ್ನು ಎದೆಯಲ್ಲಿ ಕೆತ್ತಿಟ್ಟುಕೊಂಡಳು, ಉಳಿದರ್ಧವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಅಪ್ಪ ಎಂದರೆ ಮೀನು! ಇಷ್ಟು ವರ್ಷ ತನಗೆ ಹೇಳಲು ಬಾರದ ಮಾತನ್ನು ಒಂದು ಕೊಳ ಹೇಳಿಬಿಟ್ಟಿತ್ತು. ಬರಿಕೊಳವನ್ನು ತನಗೇ ಕೊಡಬೇಕೆಂದು ಹಟ ಹಿಡಿದು ತೆಗೆದುಕೊಂಡಳು. ಓಡುವ ಹುಳುಗಳೆಲ್ಲ ಅವಳ ಬಳಗ.

ಮೀನುಕೊಳಕ್ಕೆ ಆಳು ಬೇಕೆಂದಾಗ ತಂಗಿಯ ಹೆಸರು ಹೇಳಿದವಳೂ ಇವಳೇ. ಅದನ್ನು ನೆನೆದು ಆಮೇಲೆ ಹಣೆ ಹಣೆ ಚಚ್ಚಿಕೊಂಡಳು. ಗೊಂಬೆ ಬಂದ ಒಂದೇ ತಿಂಗಳಲ್ಲಿ ಮೇಡಂ ಬಾಯಲ್ಲಿ ಅವಳದ್ದೇ ಗುಣಗಾನ. ಈ ಹುಳುಗಳ ಬಾಲದ ಗರಿ ಬಲು ನಾಜೂಕು, ಎಳೆದರೆ ಕಳಚಿಕೊಳ್ಳುತ್ತದೆ. ಗರಿ ಉದುರಿದ ಹುಳು ಲೆಕ್ಕಕ್ಕಿಲ್ಲ. ಗೊಂಬೆ ತಂದ ಹುಳುಗಳಲ್ಲಿ ಗರಿ ಉದುರಿದ್ದು ಅಪರೂಪ. ಪಾದರಸಳ ಬಲೆಯಲ್ಲಿ ಅರ್ಧಕ್ಕರ್ಧ ಮೊಂಡುಬಾಲ. ಓಡುವ ಹುಳು ಬಲೆಗೆ ಬಡಿದುಕೊಂಡು ಗರಿ ಕಳೆದುಕೊಳ್ಳುತ್ತದೆ, ಕೂತ ಹುಳು ಕೂತಂತೆಯೇ ಬರುತ್ತದೆ. ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇರಲಿಲ್ಲ. ಆದರೆ ಉರಿಯುವ ಹೊಟ್ಟೆಗೆ ಇಂಥ ನ್ಯಾಯ ಹಿಡಿಸುವುದಿಲ್ಲ.

ಬಿಡುವಿನಲ್ಲಿ ಗೊಂಬೆ ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೊಲಿಯುತ್ತಿದ್ದಳು, ಅಂಗಿಯ ಕಾಜಾ ಹೊಲಿದಂತೆ ಒತ್ತೊತ್ತಾಗಿ. ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದು ಅಮ್ಮ. ಅಮ್ಮ ಬಟ್ಟೆ ಕಾರ್ಖಾನೆಯಿಂದ ಅಂಗಿಗಳ ಗಂಟು ಮನೆಗೆ ತಂದು ಗುಂಡಿ ಹೊಲಿಯುತ್ತಿದ್ದವಳು. "ಗೊಂಬೆಗೆ ಓದು ಹತ್ತಲಿಲ್ಲ, ಸೂಜಿ ಹತ್ತಿತು" ಎನ್ನುವುದು ಮನೆಯ ಮಾತು. ಪಾದರಸ ಅದನ್ನು ಎಷ್ಟೋ ಜನರ ಮುಂದೆ ಹೇಳಿದ್ದಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಡಂ ಇಬ್ಬರನ್ನೂ ಕರೆದು ಹೇಳಿದರು. ಕೊಳಗಳ ಮೇಲ್ವಿಚಾರಕಿ ಎಂಬ ಖಾಯಂ ಹುದ್ದೆ ಮಂಜೂರಾಗಿದೆ, ಒಂದೇ ಒಂದು. ಒಬ್ಬರ ಹೆಸರನ್ನು ಮೇಲಕ್ಕೆ ಕಳಿಸಬೇಕು. ಇನ್ನೊಬ್ಬರು ಈಗಿನಂತೆ ವರ್ಷವರ್ಷದ ಕರಾರಿನ ಮೇಲೆ ಇರಬೇಕು, ಇರುವಷ್ಟು ದಿನ.

ಪಾದರಸ ತಂಗಿಯ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಅಪ್ಪ ಹಾದುಹೋಗುವಾಗ ಇರುತ್ತಿದ್ದಂತೆಯೇ ಇತ್ತು. ಕೂತಲ್ಲೇ ಕೂತು ಇದನ್ನೂ ಹೊಡೆದುಕೊಂಡು ಹೋಗುತ್ತಾಳೆ ಇವಳು ಎಂದುಕೊಂಡಳು ಪಾದರಸ. ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಸೇರಲಿಲ್ಲ ಎಂದರೆ, ಮೊದಲಿನಷ್ಟು ಸೇರಲಿಲ್ಲ.

ಎಲ್ಲ ಯೋಚಿಸಿ ಅವಳು ಕಂಡುಕೊಂಡ ಸತ್ಯವೆಂದರೆ, ಗುಟ್ಟು ಇರುವುದು ಬಲೆಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೊಂಬೆ ಹೊಲಿದ ಆ ಬಲೆಯ ಬಟ್ಟೆ ಮೆತ್ತಗಿದೆ, ಅದಕ್ಕೇ ಗರಿ ಉಳಿಯುತ್ತವೆ. ಒಂದು ಮಧ್ಯಾಹ್ನ ಗೊಂಬೆ ಹಲ್ಲು ಕೀಳಿಸಲು ಹೋಗಿದ್ದಳು. ಮೇಡಂ ಒಳಗೆ ಫೋನಿನಲ್ಲಿದ್ದರು. ಪಾದರಸ ಗೂಟದಿಂದ ಕೆಂಪು ಹಿಡಿಯ ಬಲೆ ಇಳಿಸಿಕೊಂಡು, ಒಂದು ಸಲ ಜಾಡಿಸಿ, ಬರಿಕೊಳಕ್ಕೆ ಇಳಿದೇಬಿಟ್ಟಳು. ಬಲೆಯ ಮೂಲೆಯಲ್ಲಿ ಒದ್ದೆ ಪಾಚಿಯ ಎಳೆ ಅಂಟಿಕೊಂಡಿದ್ದು ಕಣ್ಣಿಗೆ ಬಿತ್ತು. ನೀರಿನಲ್ಲಿ ಆಡಿಸಿದಾಗ ಅದು ತಾನೇ ಕಳಚಿ ಹೋಯಿತು. ಬಂದ ಹುಳುಗಳನ್ನು ನೋಡಿದರೆ ಅದೇ ಮೊಂಡುಬಾಲ, ಅಷ್ಟೇ. ಪಾಪದ ಬಲೆಗೆ ಬೈದು, ತಂದು ಗೂಟಕ್ಕೆ ಸಿಕ್ಕಿಸಿದಳು. ಪಾಚಿಯ ಎಳೆಗೆ ಮೀನಿನ ಮೊಟ್ಟೆಗಳು ಅಂಟಿರುತ್ತವೆ, ಬಲೆಗಳನ್ನು ಬೇರೆಬೇರೆ ಇಡುವುದು ಅದಕ್ಕೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದಕ್ಕೂ ಆ ಹೊತ್ತಿಗೆ ನೆನಪಾಗುವುದಕ್ಕೂ ನಡುವೆ ಹೊಟ್ಟೆಕಿಚ್ಚು ಅಡ್ಡ ನಿಂತಿರುತ್ತದೆ.

ಕೆಲವು ತಿಂಗಳು ಕಳೆದವು. ಬರಿಕೊಳದ ಬಲೆ ದಿನದಿನಕ್ಕೆ ಹಗುರಾಗುತ್ತಾ ಬಂತು. ಬಂದ ನಾಲ್ಕು ಹುಳುಗಳನ್ನು ಟ್ರೇಗೆ ಹಾಕಿ ಕಡ್ಡಿಯಿಂದ ಮುಟ್ಟಿದರೆ ಓಡವು. ಮತ್ತೆ ಮುಟ್ಟಿದಳು. ಅಲುಗಾಡವು. ಕೂತಿವೆ, ಥೇಟ್ ಗೊಂಬೆಯ ಹಾಗೆ!

ಪಾದರಸಳಿಗೆ ಮೈಯೆಲ್ಲ ಉರಿ ಹತ್ತಿತು. ತನ್ನ ಹುಳುಗಳೂ ತಂಗಿಯ ಪಾಲಾದವೆ? ಟ್ರೇ ಎತ್ತಿಕೊಂಡು ನೀರು ಚೆಲ್ಲುತ್ತಾ ಮೇಡಂ ಕೋಣೆಗೆ ನುಗ್ಗಿದಳು.

"ನೋಡಿ ಮೇಡಂ, ನೋಡಿ! ಗೊಂಬೆ ಅವಳ ಹುಳುಗಳನ್ನ ತಂದು ನನ್ನ ಕೊಳಕ್ಕೆ ಸುರಿದಿದ್ದಾಳೆ. ಇವನ್ನ ನೋಡಿ ನಮ್ಮವೂ ಕೂರೋದು ಕಲಿತುಬಿಟ್ಟಿವೆ. ನನ್ನ ಕೆಲಸ ಹಾಳು ಮಾಡೋಕೆ ಅಂತಾನೇ ಮಾಡಿದ್ದು!"

ಮೇಡಂ ಟ್ರೇ ನೋಡಿದರು. ಎದ್ದು ಬೂಟು ಹಾಕಿಕೊಂಡು ಬರಿಕೊಳಕ್ಕೆ ಇಳಿದು ತಾವೇ ಬಲೆ ಹಾಕಿದರು. ಮೂರನೆಯ ಸಲಕ್ಕೆ ಬಲೆಯ ತಳದಲ್ಲಿ ಬೆರಳುದ್ದದ ಒಂದು ಮೀನು ಪಟಪಟ ಬಡಿದುಕೊಂಡಿತು.

"ಹುಳು ಕಲಿಯಲ್ಲ" ಎಂದರು ಮೇಡಂ. ದನಿ ತಣ್ಣಗಿತ್ತು. "ಓಡೋವು ಈ ಮೀನಿನ ಹೊಟ್ಟೆ ಸೇರಿವೆ. ಓಡೋವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಸೋಮಾರಿ ಹುಟ್ಟಿರುತ್ತಲ್ಲ, ಅವು ಮಾತ್ರ ಉಳಿದಿವೆ. ಮೀನುಕೊಳದ ಬಲೆ ಇಲ್ಲಿಗೆ ಬಂದಿದೆ. ಯಾರು ತಂದಿದ್ದು?"

ಪಾದರಸಳ ಬಾಯಲ್ಲಿ ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಏರಿಯ ಆ ತುದಿಯಲ್ಲಿ ಗೊಂಬೆ ನಿಂತಿದ್ದಳು. ಮೇಡಂ ಅವಳತ್ತ ತಿರುಗಿ ಕೇಳಿದರು, "ಕೆಂಪು ಬಲೆ ನಿಮ್ಮ ಕೈಯಲ್ಲಿರೋದು. ನೀವು ಹೇಳಿ."

ಗೊಂಬೆ ಅಕ್ಕನನ್ನು ನೋಡಲಿಲ್ಲ. ನೀರು ನೋಡುತ್ತಾ ನಿಂತಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಸುಮ್ಮನಿದ್ದವರನ್ನು ಲೋಕ ಒಪ್ಪಿಕೊಂಡವರೆಂದೇ ತಿಳಿಯುತ್ತದೆ. ಅಂದಿನಿಂದ ಗೊಂಬೆಗೆ ಕೊಳ ಬಂದ್. ಒಳಗೆ ಟ್ರೇ ತೊಳೆಯುವ ಕೆಲಸ. ಎರಡು ಕೊಳವೂ ಪಾದರಸಳ ಕೈಗೆ ಬಂದವು. ಗೆದ್ದೆ ಅನ್ನಿಸಬೇಕಿತ್ತು. ಆದರೆ ಏರಿಯ ಮೇಲೆ ನಡೆಯುವಾಗ ಒಳಗಿಂದ ಟ್ರೇಗಳ ಸದ್ದು ಕೇಳುತ್ತಿರಲಿಲ್ಲ. ಟ್ರೇಯನ್ನೂ ಸದ್ದಿಲ್ಲದೆ ತೊಳೆಯುತ್ತಿದ್ದಳು ಆ ಮಹಾರಾಯಿತಿ. ಒಂದು ಸಲವಾದರೂ ಅತ್ತು, ಬೈದು, ಎದುರು ಬಾಗಿಲಿಗೆ ಬಂದು ನಿನ್ನ ಮನೆ ಹಾಳಾಗ ಎಂದಿದ್ದರೆ ಪಾದರಸ ನೆಮ್ಮದಿಯಿಂದ ಮಲಗುತ್ತಿದ್ದಳು. ಬೈಯಿಸಿಕೊಳ್ಳದೆ ಹೋದರೂ ಅವಳಿಗೆ ಹೊಟ್ಟೆಕಿಚ್ಚು: ತಾಳ್ಮೆ ಅನ್ನುವುದನ್ನೆಲ್ಲ ಹಂಚುವಾಗ ಇವಳೊಬ್ಬಳಿಗೇ ಸುರಿದುಬಿಟ್ಟರೇ?

ಅಷ್ಟರಲ್ಲಿ ಗಾಳಿ ತಿರುಗಿತು. ಮೇಡಂ ಸಿಟ್ಟಿನಲ್ಲೇ ಬರಿಕೊಳದ ಹುಳುಗಳನ್ನು ವಾರ ವಾರವೂ ಹಿಡಿಸಿ ಪರೀಕ್ಷಿಸಿದವರು, ಬರಬರುತ್ತಾ ಸಿಟ್ಟು ಮರೆತರು. ಎಷ್ಟೋ ತಲೆಮಾರಿನಲ್ಲಿ ಆಗಿದ್ದಿರಬೇಕು ಎಂದು ಊಹಿಸುತ್ತಿದ್ದ ಸೋಸುವಿಕೆ ಕಣ್ಣೆದುರೇ ನಡೆಯುತ್ತಿತ್ತು. ಬೇಕೆಂದೇ ಮಾಡಲು ಹೊರಟಿದ್ದರೆ ಒಪ್ಪಿಗೆ ಸಿಗಲು ವರ್ಷಗಳೇ ಹಿಡಿಯುತ್ತಿದ್ದ ಪರೀಕ್ಷೆ ತಾನಾಗಿ ಆಗಿಹೋಗಿತ್ತು. ಕೇಂದ್ರಕ್ಕೆ ಕಾರುಗಳು ಬಂದವು. ಕನ್ನಡಕದವರು, ಕೊರಳಿಗೆ ಕ್ಯಾಮೆರಾ ಹಾಕಿದವರು ಏರಿಯ ಮೇಲೆ ಸಾಲಾಗಿ ನಿಂತರು.

"ಇದೆಲ್ಲ ಆಗಿದ್ದು ಯಾರಿಂದ?" ಎಂದು ಅವರಲ್ಲೊಬ್ಬರು ನಗುತ್ತಾ ಕೇಳಿದರು.

ಮೇಡಂ ಒಳಗೆ ಹೇಳಿ ಕಳಿಸಿ ಗೊಂಬೆಯನ್ನು ಕರೆಸಿದರು. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತಾ ಬಂದವಳ ಹೆಗಲ ಮೇಲೆ ಕೈಯಿಟ್ಟು, "ಇವರ ಬಲೆಯಿಂದ. ಬೈದಿದ್ದೆ, ಈಗ ಥ್ಯಾಂಕ್ಸ್ ಹೇಳಬೇಕಾಗಿದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾದವನು ಗೊಂಬೆಯನ್ನು ನೀರಿನ ಅಂಚಿಗೆ ನಿಲ್ಲಿಸಿ, "ಕೊಳ ಚೆನ್ನಾಗಿ ಕಾಣಲಿ, ಸ್ವಲ್ಪ ಪಕ್ಕಕ್ಕೆ. ಅಲುಗಾಡಬೇಡಿ" ಎಂದ. ಅಲುಗಾಡದಿರುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊಳ ಯಾರದ್ದು? ಬರಿಕೊಳ! ಬಲೆ ಹಾಕಿದ ಕೈ ಯಾರದ್ದು? ತಪ್ಪು ಎಂದಾಗ ಬಾಯಿ ಮುಚ್ಚಿಕೊಂಡಿದ್ದು ಪಾದರಸಳಿಗೆ ಕಷ್ಟವಾಗಿರಲಿಲ್ಲ. ಆದರೆ ತಾನು ಮಾಡಿದ ತಪ್ಪಿಗೆ ತಂಗಿ ಚಪ್ಪಾಳೆ ಗಿಟ್ಟಿಸುವುದೆ? ಅದನ್ನು ಯಾವ ದೇವರೂ ಸಹಿಸಲಾರ.

"ನಿಲ್ಸಿ ಆ ಫೋಟೋ!" ಎಂದು ಏರಿಯ ಮೇಲೆ ಓಡಿ ಬಂದಳು. "ಅದು ನನ್ನ ಕೊಳ! ಕೆಂಪು ಬಲೆ ತಗೊಂಡಿದ್ದು ನಾನು! ಇವಳು ಅವತ್ತು ಹಲ್ಲು ಕೀಳಿಸೋಕೆ ಹೋಗಿದ್ಲು. ಇವಳಿಗೇನು ಗೊತ್ತು? ಮೀನು ಬಿಟ್ಟಿದ್ದು ನಾನು, ಎಲ್ಲ ಮಾಡಿದ್ದು ನಾನು!"

ಯಾರೋ ಕಿಸಕ್ಕೆಂದರು. ಬಂದವರು ಇದ್ದಕ್ಕಿದ್ದಂತೆ ಆಕಾಶ, ಮರ, ತಮ್ಮ ಬೂಟು ನೋಡತೊಡಗಿದರು. ತಾನು ಹೇಳಿದ್ದೇನು ಎಂಬುದು ಹೇಳಿ ಮುಗಿಸಿದ ಮೇಲೆ ಪಾದರಸಳ ತಲೆಗೆ ಹತ್ತಿತು. ಮೀನಿನ ಮುಂದೆ ಓಡಿದ ಹುಳುವಿಗೂ ಹೀಗೇ ಆಗುತ್ತದೇನೋ.

ಕಾರುಗಳು ಹೋದ ಮೇಲೆ ಮೇಡಂ ಇಬ್ಬರನ್ನೂ ಕೋಣೆಗೆ ಕರೆದರು. ಪಾದರಸಳನ್ನು ಮುಂದೆ ನಿಲ್ಲಿಸಿಕೊಂಡರು. "ಬಲೆ ತಂದಿದ್ದು ಒಂದು ತಪ್ಪು. ಗೊತ್ತಿದ್ದೂ ಇವರ ಮೇಲೆ ದೂರು ಹೊತ್ತುಕೊಂಡು ಬಂದ್ರಲ್ಲ, ಅದು?"

"ಆವಾಗ ಗೊತ್ತಿರ್ಲಿಲ್ಲ ಮೇಡಂ. ಮೀನು ನೋಡಿದ ಮೇಲೇ ಗೊತ್ತಾಗಿದ್ದು."

"ಗೊತ್ತಾದ ಮೇಲೆ ಏನು ಮಾಡಿದ್ರಿ?"

ಪಾದರಸ ನೆಲ ನೋಡಿದಳು. ಮೇಡಂ ಗೊಂಬೆಯತ್ತ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ನಾನು ಬಲೆ ಬಾಯಿ ಗೋಡೆ ಕಡೆ ಮಾಡಿ ಹಾಕ್ತೀನಿ" ಎಂದಳು ಗೊಂಬೆ. "ಮಾರನೇ ದಿನ ಈ ಕಡೆ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಗೊಂಬೆ ಒದ್ದೆ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪಾದರಸಳಿಗೆ ಹೇಳಿದರು. "ಖಾಯಂ ಹುದ್ದೆಗೆ ನಿಮ್ಮ ಹೆಸರು ಹೋಗಿ, ಒಪ್ಪಿಗೆಯಾಗಿ ಬಂದಿದೆ. ವಾಪಸ್ ತಗೊಳ್ಳೋ ಹಾಗಿದ್ರೆ ಈಗಲೇ ತಗೊಳ್ತಿದ್ದೆ. ನಿಮ್ಮ ತಂಗಿಗೆ ನಮಸ್ಕಾರ ಮಾಡಿ. ಹುದ್ದೆ ವಿಷಯ ಹೇಳಿದ ದಿನವೇ ಇವರು ನನ್ನ ಹತ್ರ ಬಂದು, ಅಕ್ಕನ ಹೆಸರೇ ಕಳಿಸಿ ಅಂದಿದ್ರು."

ನೀವು ತಿಳಿಯುವಿರಿ, ಇಲ್ಲಿಗೆ ಪಾದರಸಳ ಕಣ್ಣಲ್ಲಿ ನೀರು ಬಂತು, ತಂಗಿಯನ್ನು ತಬ್ಬಿಕೊಂಡಳು ಎಂದು. ಹುಟ್ಟುಗುಣ ಸುಟ್ಟರೂ ಹೋಗದು. ಅವಳಿಗೆ ಬಂದದ್ದು ಇನ್ನೂ ದೊಡ್ಡ ಉರಿ. ಭಿಕ್ಷೆ! ತಾನು ಹಗಲಿಡೀ ಹೊಡೆದಾಡಿ ಗೆಲ್ಲಬೇಕೆಂದಿದ್ದನ್ನು ಇವಳು ಕೂತಲ್ಲಿಂದ ಎತ್ತಿ ತನ್ನ ಮಡಿಲಿಗೆ ಹಾಕಿಬಿಟ್ಟಳು. ಇನ್ನು ಸಾಯುವವರೆಗೆ ಆ ಕೆಲಸಕ್ಕೆ ಹೋಗುವಾಗಲೆಲ್ಲ ಎದುರು ಬಾಗಿಲಿಗೆ ಋಣಿ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ಮೆಟ್ಟಿಲು ಹತ್ತಿ ಗೊಂಬೆ ತನ್ನ ಬೀಗ ತೆಗೆಯುತ್ತಿರುವಾಗ ಪಾದರಸಳಿಗೆ ತಡೆಯಲಾಗಲಿಲ್ಲ.

"ಎಷ್ಟು ದೊಡ್ಡ ಮನಸ್ಸು ಕಣೇ ನಿಂದು! ಅಕ್ಕನಿಗೆ ಬಿಟ್ಟುಕೊಟ್ಲಂತೆ. ನಾನು ಕೇಳಿದ್ನಾ? ನಿನ್ನ ಧರ್ಮ ಯಾರಿಗೆ ಬೇಕಿತ್ತು?"

ಗೊಂಬೆ ಬಾಗಿಲು ತೆರೆದು ಒಳಗೆ ಹೋದಳು. ಪಾದರಸಳೂ ಹಿಂದೆಯೇ ನುಗ್ಗಿದಳು. ಗೊಂಬೆ ಮಂಚದ ಅಂಚಿಗೆ ಕೂತು ಕೀಲಿಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಬಿಟ್ಟುಕೊಡೋಕೆ ನನ್ನ ಹತ್ರ ಏನಿತ್ತಕ್ಕ?" ಎಂದಳು. "ಆ ಕೆಲಸಕ್ಕೆ ಹತ್ತನೇ ಕ್ಲಾಸ್ ಆಗಿರ್ಬೇಕು. ಕೇಳಿದೆ ಮೇಡಂನ. ನಿಂದಾಗಿದೆ, ನಂದು ಆರಕ್ಕೇ ನಿಂತಿತ್ತಲ್ಲ. ಅದನ್ನ ಅವರಿಗೆ ಹೇಳ್ಲಿಲ್ಲ ಅಷ್ಟೇ."

ಇಷ್ಟು ತಿಂಗಳು ಪಾದರಸ ಓಡಿದ್ದು ಒಬ್ಬಳೇ ಇದ್ದ ಪಂದ್ಯದಲ್ಲಿ. "ನಿನಗೆ ಓದು ಹತ್ತಲಿಲ್ಲ..." ಎಂದು ಮನೆಯ ಮಾತನ್ನೇ ಹೇಳಹೊರಟಳು.

"ಯಾರು ಹೇಳಿದ್ದು? ನಂಗೆ ಲೆಕ್ಕ ಅಂದ್ರೆ ಪ್ರಾಣ. ಅಮ್ಮನಿಗೆ ಗುಂಡಿ ಹೊಲಿಯೋಕೆ ಎರಡು ಕೈ ಸಾಲ್ತಿರ್ಲಿಲ್ಲ. ಅವಳು ಅಪ್ಪನ ಹಾಗೆ ಕೂಗ್ತಿರ್ಲಿಲ್ಲ, ಹೊಡೀತಿರ್ಲಿಲ್ಲ. ಮೆಲ್ಲಗೆ ಪಕ್ಕಕ್ಕೆ ಬಂದು ಮುಂಗೈ ಹಿಡ್ಕೊಳ್ತಿದ್ಲು. ಇವತ್ತೊಂದು ದಿನ ಶಾಲೆ ಬೇಡ, ಈ ಗಂಟು ಮುಗಿಸಿಬಿಡೋಣ ಅನ್ನೋಳು. ನೀನಂತೂ ಕೈಗೆ ಸಿಗ್ತಿರ್ಲಿಲ್ಲ. ಕೂತಿದ್ದೋಳು ನಾನು."

ಮೆಲ್ಲಗೆ ತೆವಳಿಕೊಂಡು ಬಂದು ಗಪ್ಪನೆ ಹಿಡಿಯುತ್ತೆ. ಮೇಡಂ ಏರಿಯ ಮೇಲೆ ಹೇಳಿದ್ದ ಉಳಿದರ್ಧ ಈಗ ಪಾದರಸಳಿಗೆ ಕೇಳಿಸಿತು. ಅಮ್ಮನ ಕಡೆಯಿಂದ ಯೋಚಿಸಿಯೇ ಇರಲಿಲ್ಲ ಅವಳು. ಅಮ್ಮ ಕರೆದಾಗೆಲ್ಲ ಓಡಿದ್ದು ನೆನಪಿತ್ತು. ತಾನು ಓಡಿದ ಮೇಲೆ ಆ ಮನೆಯೊಳಗೆ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

"ನೀನೂ ಓಡಬಹುದಿತ್ತಲ್ಲೇ" ಎಂದಳು. ದನಿ ಏರಲಿಲ್ಲ.

"ನಂಗೆ ಬರ್ತಿರ್ಲಿಲ್ಲಕ್ಕ. ಕಾಲೇ ಏಳ್ತಿರ್ಲಿಲ್ಲ." ಗೊಂಬೆ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸಿದಳು. ಜನ್ಮದಲ್ಲಿ ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. "ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ ನಂಗೆ? ಏಟು ತಿಂದ್ರೂ ಪರವಾಗಿಲ್ಲ, ಒಂದು ಸಲ ಆ ಕಿಟಕಿಯಿಂದ ಹಾರಬೇಕು ಅಂತ ಇತ್ತು. ನೀನು ಚೀಲ ಎತ್ಕೊಂಡು ಹಾರೋವಾಗ ನೋಡೋಕೆ ಆಗ್ತಿರ್ಲಿಲ್ಲ. ಆದ್ರೂ ಎದ್ದು ಬರ್ತಿದ್ದೆ."

"ಯಾಕೆ?"

"ಕಿಟಕಿ ಬಾಗಿಲು ಹಿಡ್ಕೊಳ್ಳೋಕೆ. ಬಡ್ಕೊಂಡ್ರೆ ಅಪ್ಪನಿಗೆ ಕೇಳ್ತಿತ್ತಲ್ಲ."

ಎದುರು ಮನೆಯಲ್ಲಿ ಡ್ರೈವರ್ ಬಂದು ಬೀಗ ತೆಗೆದು, ಏನೇ ಎಲ್ಲಿದ್ದೀಯ ಎಂದು ಕರೆದ. ಪಾದರಸ ಗೊಂಬೆಯ ಬಾಗಿಲನ್ನು ಸದ್ದಾಗದಂತೆ ಹಿಡಿದು ಮುಚ್ಚಿದಳು.